ಹಳದಿ ಬಾಯಿ, ನಾಲ್ಕು ದೆವ್ವ: ಪ್ಯಾಕ್‌ಮ್ಯಾನ್ ಬಗ್ಗೆ ನೀವು ಕೇಳಿದ್ದು

ಈ ಸಲ ಬಂದ ಪ್ರಶ್ನೆಗಳ ಕಂತೆ ಬಿಚ್ಚಿ ನೋಡಿದ್ರೆ ಮುಕ್ಕಾಲು ಪಾಲು ಒಂದೇ ಆಟದ ಮೇಲೆ, ಬ್ರೌಸರ್‌ನಲ್ಲಿ ಆಡೋ ಪ್ಯಾಕ್‌ಮ್ಯಾನ್. ಗೊತ್ತಿಲ್ಲದೋರಿಗೆ ಒಂದು ಮಾತು: ಗೋಡೆಗಳ ನಡುವಿನ ಹಾದಿಯಲ್ಲಿ ಹಳದಿ ಪ್ಯಾಕ್‌ಮ್ಯಾನ್‌ನ ಓಡಿಸಿ ಎಲ್ಲಾ ಚುಕ್ಕಿ ತಿಂದ್ರೆ ಲೆವೆಲ್ ಮುಗೀತು, ದೆವ್ವ ಹಿಡಿದ್ರೆ ಒಂದು ಲೈಫ್ ಹೋಯ್ತು, ದೊಡ್ಡ ಚುಕ್ಕಿ ತಿಂದ್ರೆ ಸ್ವಲ್ಪ ಹೊತ್ತು ದೆವ್ವಗಳು ನೀಲಿಯಾಗ್ತವೆ, ಆಗ ನೀವೇ ಅವನ್ನ ತಿನ್ನಬಹುದು. ಹಾಗಾಗಿ ಪ್ರಿಂಟರ್, ಪಾಸ್‌ವರ್ಡ್, ಫೋನ್ ಬಿಸಿಯಾಗೋ ಸಮಸ್ಯೆ ಎಲ್ಲಾ ಮುಂದಿನ ಸಂಚಿಕೆಗೆ ತಳ್ಳಿ ಇಡೀ ಅಂಕಣ ಇದಕ್ಕೇ ಕೊಟ್ಟಿದ್ದೀನಿ. ಬೈಯೋರು ಬೈಬಹುದು.

ಪ್ರಶ್ನೆ: ಸರ್, ದಿನಾ ರಾತ್ರಿ ಊಟ ಆದ್ಮೇಲೆ ಪ್ಯಾಕ್‌ಮ್ಯಾನ್ ಆಡ್ತೀನಿ, ಏನೇ ಮಾಡಿದ್ರೂ ಮೂರನೇ ಲೆವೆಲ್ ದಾಟೋಕಾಗ್ತಿಲ್ಲ. ಇದು ಬೆರಳು ಫಾಸ್ಟ್ ಇರೋರ ಆಟನಾ, ಇಲ್ಲಾ ಬರೀ ಅದೃಷ್ಟನಾ?

ಉತ್ತರ: ಎರಡೂ ಅಲ್ಲ. ಬೆರಳು ಚುರುಕಿದ್ರೆ ಒಳ್ಳೇದೇ, ಬೇಡ ಅನ್ನಲ್ಲ, ಆದ್ರೆ ಮೂರನೇ ಲೆವೆಲ್‌ನಲ್ಲಿ ಸಾಯೋರೆಲ್ಲ ಸಾಮಾನ್ಯವಾಗಿ ಸಾಯೋದು ನಾಲ್ಕು ದೆವ್ವನೂ ಒಂದೇ ಅಂದ್ಕೊಂಡು ನಾಲ್ಕರಿಂದನೂ ಒಂದೇ ಥರ ಓಡೋದ್ರಿಂದ. 1980ರಲ್ಲಿ ಜಪಾನಿನ ನಾಮ್ಕೋ ಕಂಪನಿಯಲ್ಲಿ ತೋರು ಇವಾತಾನಿ ಮತ್ತವರ ಟೀಮ್ ಈ ಆಟ ಮಾಡಿದಾಗ ಒಂದೊಂದು ದೆವ್ವಕ್ಕೂ ಬೇರೆ ಬೇರೆ ಬುದ್ಧಿ ಕೊಟ್ಟಿದ್ರು, ಆ ಬುದ್ಧಿ ಏನು ಅಂತ ಗೊತ್ತಾದ್ರೆ ಓಡೋದು ನಿಲ್ಲಿಸಿ ಅವನ್ನ ನಿಮಗೆ ಬೇಕಾದ ಕಡೆ ಓಡಿಸೋಕೆ ಶುರು ಮಾಡ್ತೀರ, ಆಟದ ಮಜಾನೇ ಅಲ್ಲಿರೋದು.

ಮೊದಲು ನಾಲ್ಕಕ್ಕೂ ಅನ್ವಯಿಸೋ ಮಾತು. ನೀಲಿ ಆಗಿರೋ ಹೊತ್ತು ಬಿಟ್ರೆ ಪ್ರತಿ ದೆವ್ವಕ್ಕೂ ಯಾವಾಗ್ಲೂ ಒಂದು ಗುರಿ ಮನೆ ಇರತ್ತೆ. ಆಟದ ಇಡೀ ಹಾದಿ ಸಣ್ಣ ಸಣ್ಣ ಚೌಕದ ಮನೆಗಳು ಅಂದ್ಕೊಳ್ಳಿ, ದಾರಿ ಕವಲಾಗೋ ಜಾಗ ಬಂದಾಗ ದೆವ್ವ ನೋಡೋದು ಒಂದೇ, ಯಾವ ಕಡೆ ತಿರುಗಿದ್ರೆ ಆ ಗುರಿಗೆ ನೇರ ಗೆರೆ ಎಳೆದಂಗೆ ಹತ್ತಿರ ಆಗತ್ತೆ ಅಂತ. ಗೋಡೆ ಅಡ್ಡ ಇದ್ಯಾ, ಸುತ್ತಿ ಹೋಗ್ಬೇಕಾ, ಅದೆಲ್ಲ ಅದರ ತಲೆಗೆ ಹೋಗಲ್ಲ. ಇನ್ನೊಂದು, ಅದಕ್ಕೆ ತನ್ನಷ್ಟಕ್ಕೆ ತಾನೇ ಹಿಂದಕ್ಕೆ ತಿರುಗೋ ಹಕ್ಕಿಲ್ಲ, ಮುಂದೆ ಹೋಗ್ತಾನೇ ಇರ್ಬೇಕು. ಈ ಎರಡು ವಿಷಯ ಸಾಕು ಅರ್ಧ ಭಯ ಹೋಗೋಕೆ. ಗೋಡೆ ಆಚೆ ಪಕ್ಕದಲ್ಲೇ ಇರೋ ದೆವ್ವ ನೋಡಿ ಹೆದರ್ಬೇಡಿ, ಅದು ನಿಮ್ಮ ಹತ್ರ ಬರೋಕೆ ಎಷ್ಟು ಸುತ್ತಬೇಕು ಅಂತ ನೋಡಿ.

ಈಗ ಒಂದೊಂದಾಗಿ. ಕೆಂಪು, ಅಂದ್ರೆ ಬ್ಲಿಂಕಿ, ಇದರ ಗುರಿ ಸೀದಾ ನೀವೇ, ನೀವಿರೋ ಮನೆ. ಹಿಂದೆ ಬಿದ್ದು ಬರೋದು ಇದೇ. ಗುಲಾಬಿ ಬಣ್ಣದ ಪಿಂಕಿ ನೀವು ಮುಖ ಮಾಡಿರೋ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿ ಇಡತ್ತೆ, ಅದಕ್ಕೇ ಯಾವಾಗ್ಲೂ ಎದುರಿಂದ ಬಂದು ದಾರಿ ಕಟ್ಟಿದಂಗೆ ಅನ್ಸೋದು. ಆದ್ರೆ ಇದರಲ್ಲೇ ಅದರ ದೌರ್ಬಲ್ಯನೂ ಇದೆ ನೋಡಿ, ಅದು ಎದುರಿಗೆ ಹತ್ತಿರ ಬಂದಾಗ ನೀವು ಅದರ ಕಡೆಗೇ ಮುಖ ಮಾಡಿ ನುಗ್ಗಿದ್ರೆ ಆ ನಾಲ್ಕು ಮನೆ ಮುಂದಿನ ಗುರಿ ಅದರ ಬೆನ್ನ ಹಿಂದೆ ಬೀಳತ್ತೆ, ನಡುವೆ ಒಂದು ಕವಲಿದ್ರೆ ಅಲ್ಲಿ ಪಕ್ಕಕ್ಕೆ ತಿರುಗಿ ಹೊರಟೇ ಹೋಗತ್ತೆ. ನಡುವೆ ಕವಲಿಲ್ಲದೆ ನೇರ ದಾರಿ ಇದ್ರೆ ಮಾತ್ರ ಈ ಧೈರ್ಯ ಬೇಡ, ಅದು ತಿರುಗೋಕೆ ಜಾಗನೇ ಇಲ್ವಲ್ಲ. ಅಂದ ಹಾಗೆ ಮೂಲ ಆಟದಲ್ಲಿ ಒಂದು ಹಳೇ ಬಗ್ ಇದೆ, ನೀವು ಮೇಲಕ್ಕೆ ಮುಖ ಮಾಡಿದ್ದಾಗ ಪಿಂಕಿಯ ಗುರಿ ನಾಲ್ಕು ಮನೆ ಮೇಲಕ್ಕೆ ಹೋಗೋದ್ರ ಜೊತೆಗೆ ನಾಲ್ಕು ಮನೆ ಎಡಕ್ಕೂ ಜಾರತ್ತೆ.

ಆಕಾಶನೀಲಿ ಇಂಕಿ ಸ್ವಲ್ಪ ತಲೆ ತಿನ್ನೋ ಗಿರಾಕಿ. ನಿಮ್ಮ ಮುಂದೆ ಎರಡು ಮನೆ ಬಿಟ್ಟು ಒಂದು ಬಿಂದು ಇಡ್ಬೇಕು, ಕೆಂಪು ದೆವ್ವದಿಂದ ಆ ಬಿಂದುವಿಗೆ ಗೆರೆ ಎಳೀಬೇಕು, ಆ ಗೆರೆನ ಅಷ್ಟೇ ಉದ್ದ ಇನ್ನೂ ಮುಂದಕ್ಕೆ ಬೆಳೆಸಿದ್ರೆ ಎಲ್ಲಿಗೆ ಮುಟ್ಟತ್ತೋ ಅದು ಇಂಕಿಯ ಗುರಿ. ಆಡ್ತಾ ಆಡ್ತಾ ಈ ಲೆಕ್ಕ ಯಾರೂ ಹಾಕಲ್ಲ, ಹಾಕ್ಬೇಕಾಗೂ ಇಲ್ಲ. ನೆನಪಿಡಬೇಕಾದ್ದು ಇಷ್ಟೇ, ಕೆಂಪು ನಿಮಗೆ ಹತ್ತಿರ ಇದ್ರೆ ಇಂಕಿಯೂ ನಿಮ್ಮ ಸುತ್ತಮುತ್ತನೇ ಸುಳಿಯತ್ತೆ, ಕೆಂಪು ದೂರ ಇದ್ರೆ ಇಂಕಿ ಎಲ್ಲೋ ಅಲೀತಾ ಇರತ್ತೆ. ಅಂದ್ರೆ ಕೆಂಪನ್ನ ದೂರ ಇಟ್ರೆ ಎರಡು ದೆವ್ವ ದೂರ ಇಟ್ಟಂಗೆ.

ಕಿತ್ತಳೆ ಬಣ್ಣದ ಕ್ಲೈಡ್ ನಿಮ್ಮಿಂದ ಎಂಟು ಮನೆಗಿಂತ ದೂರ ಇದ್ದಾಗ ಕೆಂಪಿನ ಥರನೇ ನಿಮ್ಮ ಮೇಲೆ ಬರತ್ತೆ, ಎಂಟರ ಒಳಗೆ ಬಂತು ಅಂದ್ರೆ ಹೆದರ್ಕೊಂಡು ಕೆಳಗಿನ ಎಡ ಮೂಲೆಗೆ ಓಡತ್ತೆ. ಪಾಪದ್ದು ಅನ್ಕೊಂಡು ಎಲ್ಲರೂ ಇದನ್ನ ಲೆಕ್ಕಕ್ಕೇ ತಗೊಳಲ್ಲ, ಆದ್ರೆ ನೀವು ಆ ಕೆಳಗಿನ ಎಡ ಮೂಲೆಯಲ್ಲೇ ಚುಕ್ಕಿ ತಿಂತಾ ನಿಂತಿದ್ರೆ ಅದು ಹೆದರಿ ಓಡ್ಬರೋದು ನಿಮ್ಮ ಮೈ ಮೇಲೇನೇ. ಮೂರನೇ ಲೆವೆಲ್‌ನಲ್ಲಿ ಎಲ್ಲಿ ಸಾಯ್ತಿದೀರ ಅಂತ ಒಂದ್ಸಲ ಗಮನಿಸಿ, ಆ ಮೂಲೆಯಲ್ಲೇ ಇದ್ರೆ ನನಗೇನೂ ಆಶ್ಚರ್ಯ ಆಗಲ್ಲ.

ಪ್ರಶ್ನೆ: ಒಮ್ಮೊಮ್ಮೆ ಇನ್ನೇನು ಹಿಡೀಬೇಕು ಅನ್ನೋವಾಗ ನಾಲ್ಕೂ ದೆವ್ವ ಒಟ್ಟಿಗೇ ಹಿಂದಕ್ಕೆ ತಿರುಗಿ ಹೋಗ್ಬಿಡತ್ತೆ. ಅವು ತಾವಾಗೇ ಹಿಂದೆ ತಿರುಗಲ್ಲ ಅಂತ ಎಲ್ಲೋ ಓದಿದ್ದೆ. ಹಾಗಾದ್ರೆ ಇದು ಬಗ್ಗಾ?

ಉತ್ತರ: ಬಗ್ ಅಲ್ಲ, ಗಡಿಯಾರ. ದೆವ್ವಗಳಿಗೆ ಅಟ್ಟೋ ಹೊತ್ತು ಬೇರೆ, ರೆಸ್ಟ್ ತಗೊಳ್ಳೋ ಹೊತ್ತು ಬೇರೆ. ಮೊದಲನೇ ಲೆವೆಲ್‌ನಲ್ಲಿ ಶುರುವಿಗೆ 7 ಸೆಕೆಂಡ್ ತಂತಮ್ಮ ಮೂಲೆ ಕಡೆ ಹೋಗ್ತವೆ, ಕೆಂಪು ಮೇಲಿನ ಬಲಕ್ಕೆ, ಗುಲಾಬಿ ಮೇಲಿನ ಎಡಕ್ಕೆ, ಆಕಾಶನೀಲಿ ಕೆಳಗಿನ ಬಲಕ್ಕೆ, ಕಿತ್ತಳೆ ಕೆಳಗಿನ ಎಡಕ್ಕೆ. ಆಮೇಲೆ 20 ಸೆಕೆಂಡ್ ಅಟ್ಟೋದು, ಮತ್ತೆ 7 ಸೆಕೆಂಡ್ ಮೂಲೆ, ಮತ್ತೆ 20 ಅಟ್ಟೋದು, 5 ಸೆಕೆಂಡ್ ಮೂಲೆ, ಮತ್ತೆ 20, ಕೊನೇ ಸಲ 5 ಸೆಕೆಂಡ್ ಮೂಲೆ, ಅದಾದ್ಮೇಲೆ ಲೆವೆಲ್ ಮುಗಿಯೋವರೆಗೂ ರೆಸ್ಟಿಲ್ಲ. ಒಂದು ಹೊತ್ತಿಂದ ಇನ್ನೊಂದಕ್ಕೆ ಬದಲಾಗೋ ಕ್ಷಣದಲ್ಲಿ ಹೊರಗಿರೋ ಎಲ್ಲಾ ದೆವ್ವನೂ ಗಕ್ಕನೆ ಹಿಂದಕ್ಕೆ ತಿರುಗ್ತವೆ. ನೀವು ದೊಡ್ಡ ಚುಕ್ಕಿ ತಿಂದಾಗ್ಲೂ ಹೀಗೇ ತಿರುಗ್ತವೆ, ಅವು ನೀಲಿಯಾಗಿರೋವಷ್ಟು ಹೊತ್ತು ಈ ಗಡಿಯಾರ ನಿಂತಿರತ್ತೆ. ಲೈಫ್ ಹೋದ್ರೆ ಗಡಿಯಾರ ಮೊದಲಿಂದ ಶುರು.

ಆ ತಿರುಗೋದನ್ನ ನೋಡಿದ ತಕ್ಷಣ ಉಸಿರು ಬಿಟ್ಟು ಕೂರಬೇಡಿ. ಮೂಲೆ ಹೊತ್ತು ಅಂದ್ರೆ ನಡುಭಾಗ ಖಾಲಿ, ಅಲ್ಲಿ ಉಳಿದಿರೋ ಚುಕ್ಕಿ ಗುಡಿಸೋ ಹೊತ್ತು ಅದು.

ಪ್ರಶ್ನೆ: ಬ್ರೌಸರ್‌ನಲ್ಲಿ ಎಲ್ಲಿ ಆಡೋದು ಒಳ್ಳೇದು? ನಾನು ಆಡೋ ಕಡೆ ಆರೋ ಕೀ ಒತ್ತಿದ್ರೆ ಪೇಜೇ ಮೇಲೆ ಕೆಳಗೆ ಜಾರತ್ತೆ. ಅದೇ ಆಟ ಅಕ್ಕನ ಹೊಸ ಲ್ಯಾಪ್‌ಟಾಪ್‌ನಲ್ಲಿ ಹಾಕಿದ್ರೆ ಹುಚ್ಚು ಹಿಡಿದಂಗೆ ಡಬಲ್ ಸ್ಪೀಡಲ್ಲಿ ಓಡತ್ತೆ.

ಉತ್ತರ: ಪೇಜ್ ಜಾರೋದಕ್ಕೆ ಮದ್ದು ಸುಲಭ, ಶುರು ಮಾಡೋ ಮುಂಚೆ ಆಟದ ಚೌಕದ ಒಳಗೆ ಒಂದ್ಸಲ ಮೌಸ್ ಕ್ಲಿಕ್ ಮಾಡಿ, ಆಗ ಕೀ ಒತ್ತಿದ್ದು ಆಟಕ್ಕೆ ಹೋಗತ್ತೆ. ಆಗ್ಲೂ ಜಾರಿದ್ರೆ ಫುಲ್ ಸ್ಕ್ರೀನ್ ಮಾಡಿ. ಅದೂ ಆಗ್ಲಿಲ್ಲ ಅಂದ್ರೆ ಆ ಆಟ ಬರೆದೋರು ಸೋಮಾರಿಗಳು, ಬೇರೆ ಕಡೆ ಹೋಗಿ.

ಸ್ಪೀಡಿನ ವಿಷಯ ಸ್ವಲ್ಪ ಇಂಟರೆಸ್ಟಿಂಗ್. ಮೂಲ ಆರ್ಕೇಡ್ ಮಶಿನ್ನಲ್ಲಿ ಚಿತ್ರ ಸೆಕೆಂಡಿಗೆ ಸುಮಾರು 60 ಸಲ ಬದಲಾಗ್ತಿತ್ತು, ಎಲ್ಲಾ ಲೆಕ್ಕನೂ ಅದರ ಮೇಲೇ. ಬ್ರೌಸರ್ ಆಟಗಳು ಸ್ಕ್ರೀನ್ ರಿಫ್ರೆಶ್ ಆಗೋ ಪ್ರತಿ ಸಲನೂ ಒಂದೊಂದು ಹೆಜ್ಜೆ ಮುಂದೆ ಹೋಗೋ ಹಾಗೆ ಬರೆದಿದ್ರೆ 60 ಹರ್ಟ್ಸ್ ಸ್ಕ್ರೀನಲ್ಲಿ ಸರಿಯಾಗಿ ಓಡತ್ತೆ, 120 ಹರ್ಟ್ಸ್ ಸ್ಕ್ರೀನಲ್ಲಿ ಅದೇ ಆಟ ಡಬಲ್ ಆಗತ್ತೆ. ನಿಮ್ಮ ಅಕ್ಕನ ಲ್ಯಾಪ್‌ಟಾಪ್ ಆ ಎರಡನೇ ಜಾತಿದು ಅನ್ಸತ್ತೆ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ಗೆ ಹೋಗಿ ರಿಫ್ರೆಶ್ ರೇಟ್ 60ಕ್ಕೆ ಇಳಿಸಿ ಆಡಿ ನೋಡಿ. ಒಳ್ಳೇ ಕಾಪಿಗಳಲ್ಲಿ ಈ ತಾಪತ್ರಯ ಇರಲ್ಲ, ಅವು ಕಳೆದ ಸಮಯ ನೋಡ್ಕೊಂಡು ಹೆಜ್ಜೆ ಇಡ್ತವೆ.

ಎಲ್ಲಿ ಆಡೋದು ಅಂದ್ರಲ್ಲ, ಸುಲಭದ್ದು ಗೂಗಲ್‌ದು. ಆಟಕ್ಕೆ 30 ವರ್ಷ ತುಂಬಿದ್ದಕ್ಕೆ 2010ರ ಮೇ 21ಕ್ಕೆ ಗೂಗಲ್ ತನ್ನ ಮುಖಪುಟದ ಲೋಗೋನೇ ಆಡೋಕಾಗೋ ಪ್ಯಾಕ್‌ಮ್ಯಾನ್ ಮಾಡಿತ್ತು, ಆ ಡೂಡಲ್ ಈಗ್ಲೂ ಅವರ ಹಳೇ ಡೂಡಲ್‌ಗಳ ಜಾಗದಲ್ಲಿದೆ. ಇನ್ಸರ್ಟ್ ಕಾಯಿನ್ ಬಟನ್ ಎರಡನೇ ಸಲ ಒತ್ತಿದ್ರೆ ಮಿಸ್ ಪ್ಯಾಕ್‌ಮ್ಯಾನ್ ಬರ್ತಾಳೆ, ಇಬ್ಬರು ಒಂದೇ ಕೀಬೋರ್ಡಲ್ಲಿ ಆಡಬಹುದು. ಆದ್ರೆ ಅಲ್ಲಿಯ ಹಾದಿ ಗೂಗಲ್ ಅಕ್ಷರಗಳ ಆಕಾರದ್ದು, ಮೂಲ ಆಟದ್ದಲ್ಲ, ಹಾಗಾಗಿ ದೆವ್ವಗಳ ಸ್ವಭಾವ ಕಲಿಯೋಕೆ ಓಕೆ, ದಾರಿ ಕಲಿಯೋಕೆ ಅಲ್ಲ.

ಮಿಕ್ಕ ಸೈಟುಗಳಲ್ಲಿ ನೂರಾರು ಕಾಪಿ ಇವೆ, ಬಹಳಷ್ಟು ಬರೀ ಬಣ್ಣ ಒಂದೇ, ಒಳಗೆ ಬೇರೆ. ಅಸಲಿ ಥರ ನಡ್ಕೊಳತ್ತಾ ಅಂತ ಪರೀಕ್ಷೆ ಮಾಡೋದು ಹೀಗೆ: ಶುರುವಾಗಿ 7 ಸೆಕೆಂಡಿಗೆ ಹೊರಗಿರೋ ದೆವ್ವಗಳು ಗಕ್ಕನೆ ತಿರುಗ್ತವಾ ನೋಡಿ, ಆಮೇಲೆ ಎಡಬಲದ ಸುರಂಗದೊಳಗೆ (ಒಂದು ಅಂಚಲ್ಲಿ ನುಗ್ಗಿದ್ರೆ ಇನ್ನೊಂದು ಅಂಚಿಂದ ಹೊರಗೆ ಬರೋ ದಾರಿ) ದೆವ್ವ ನುಗ್ಗಿದಾಗ ಅದರ ವೇಗ ಚೆನ್ನಾಗಿ ಕಮ್ಮಿ ಆಗತ್ತಾ ನೋಡಿ, ಕೊನೇದಾಗಿ ಕಿತ್ತಳೆ ಹತ್ತಿರ ಬಂದು ಮುಖ ತಿರುಗಿಸ್ಕೊಂಡು ಹೋಗತ್ತಾ ನೋಡಿ. ಮೂರೂ ಆದ್ರೆ ಆಡಿ. ಒಂದೂ ಆಗದೆ ದೆವ್ವಗಳು ಸುಮ್ನೆ ಅಲೀತಾ ಇದ್ರೆ ಅಲ್ಲಿ ಆಡಿ ಕಲಿಯೋದು ಏನೂ ಇಲ್ಲ. ಇನ್ನು ಆಡೋ ಮುಂಚೆ ಏನೋ ಡೌನ್‌ಲೋಡ್ ಮಾಡು, ಎಕ್ಸ್‌ಟೆನ್ಶನ್ ಹಾಕು, ನೋಟಿಫಿಕೇಶನ್ ಅಲೋ ಮಾಡು ಅಂತ ಕೇಳೋ ಸೈಟಿಂದ ತಕ್ಷಣ ಎದ್ದು ಬನ್ನಿ. ಫ್ಲ್ಯಾಶ್ (ಹಿಂದೆ ಬ್ರೌಸರ್ ಆಟಗಳು ಓಡೋಕೆ ಬೇಕಿದ್ದ ಸಾಫ್ಟ್‌ವೇರ್) ಬೇಕು ಅಂತ ಕೇಳಿದ್ರಂತೂ ಇನ್ನೂ ಅನುಮಾನ ಪಡಿ, ಅಡೋಬಿ 2020ರ ಡಿಸೆಂಬರ್ 31ಕ್ಕೇ ಫ್ಲ್ಯಾಶ್ ಪ್ಲೇಯರ್‌ಗೆ ಸಪೋರ್ಟ್ ನಿಲ್ಲಿಸಿಯಾಗಿದೆ, ಈಗ ಅದನ್ನ ಇನ್‌ಸ್ಟಾಲ್ ಮಾಡಿಸೋರ ಉದ್ದೇಶ ಆಟ ಆಡಿಸೋದಲ್ಲ.

ಪ್ರಶ್ನೆ: ಹೈ ಸ್ಕೋರ್ ಮಾಡಿದ್ದೆ, ಮಾರನೇ ದಿನ ನೋಡಿದ್ರೆ ಸೊನ್ನೆ. ಯಾರೋ ಅಳಿಸಿದ್ರಾ?

ಉತ್ತರ: ಬ್ರೌಸರ್ ಅಳಿಸಿದ್ದು. ಇಂಥ ಆಟಗಳು ಸ್ಕೋರನ್ನ ಸಾಮಾನ್ಯವಾಗಿ ನಿಮ್ಮ ಬ್ರೌಸರ್‌ನಲ್ಲೇ ಇಟ್ಕೊಳ್ತವೆ. ಇನ್‌ಕಾಗ್ನಿಟೋದಲ್ಲಿ ಆಡಿದ್ರೆ, ಅಥವಾ ಸೈಟ್ ಡೇಟಾ ಕ್ಲಿಯರ್ ಮಾಡಿದ್ರೆ ಅದೂ ಹೋಗತ್ತೆ. ಜಂಬ ಕೊಚ್ಚಿಕೊಳ್ಳೋ ಸ್ಕೋರ್ ಬಂದ್ರೆ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಪ್ರಶ್ನೆ: ನನ್ನ ತಮ್ಮ ಮೊದಲನೇ ಲೆವೆಲ್ ಮುಗಿಸೋ ಹೊತ್ತಿಗೇ ಹತ್ತು ಸಾವಿರ ದಾಟಿಸ್ತಾನೆ, ನನ್ನದು ಅದೇ ಲೆವೆಲ್‌ಗೆ ಮೂರು ಮೂರೂವರೆ ಸಾವಿರ. ಇಬ್ರೂ ಎಲ್ಲಾ ಚುಕ್ಕಿನೂ ತಿಂತೀವಿ. ಅವನು ಏನೋ ಮೋಸ ಮಾಡ್ತಿದಾನೆ ಅಲ್ವಾ ಸರ್?

ಉತ್ತರ: ಇಲ್ಲಮ್ಮ, ಅವನು ದೆವ್ವ ತಿಂತಿದಾನೆ. ಲೆಕ್ಕ ನೋಡು. ಒಂದು ಲೆವೆಲ್‌ನಲ್ಲಿ ಸಣ್ಣ ಚುಕ್ಕಿ 240, ಒಂದಕ್ಕೆ 10 ಪಾಯಿಂಟ್, ದೊಡ್ಡ ಚುಕ್ಕಿ ನಾಲ್ಕು, ಒಂದಕ್ಕೆ 50, ಒಟ್ಟು 2,600. ಅಷ್ಟೇ. ದೆವ್ವ ನೀಲಿಯಾದಾಗ ಮೊದಲನೇದಕ್ಕೆ 200, ಎರಡನೇದಕ್ಕೆ 400, ಮೂರನೇದಕ್ಕೆ 800, ನಾಲ್ಕನೇದಕ್ಕೆ 1,600, ಅಂದ್ರೆ ಒಂದು ದೊಡ್ಡ ಚುಕ್ಕಿಗೆ ನಾಲ್ಕೂ ಸಿಕ್ಕಿದ್ರೆ 3,000. ನಾಲ್ಕು ದೊಡ್ಡ ಚುಕ್ಕಿಗೂ ಹಾಗೇ ಮಾಡಿದ್ರೆ 12,000. ಚುಕ್ಕಿ ಗುಡಿಸೋದು ಲೆವೆಲ್ ದಾಟೋಕೆ, ಸ್ಕೋರ್ ಇರೋದೆಲ್ಲ ದೆವ್ವದಲ್ಲಿ. ಮಾಮೂಲಿ ಸೆಟ್ಟಿಂಗ್‌ನಲ್ಲಿ 10,000ಕ್ಕೆ ಒಂದು ಲೈಫ್ ಜಾಸ್ತಿ ಸಿಗತ್ತೆ, ನಿನ್ನ ತಮ್ಮ ಅದನ್ನ ಮೊದಲನೇ ಲೆವೆಲ್‌ನಲ್ಲೇ ಜೇಬಿಗೆ ಹಾಕ್ಕೊಂಡು ಮುಂದೆ ಹೋಗ್ತಿದಾನೆ.

ನೀನು ಮಾಡ್ತಿರೋದು ಬಹುಶಃ ಹೀಗೆ, ದೆವ್ವ ಹತ್ರ ಬಂತು, ಗಾಬರಿ ಆಯ್ತು, ದೊಡ್ಡ ಚುಕ್ಕಿ ತಿಂದೆ, ಒಂದು ದೆವ್ವ ಸಿಕ್ತು, ಮಿಕ್ಕ ಮೂರು ಎಲ್ಲೋ ದೂರ. ದೊಡ್ಡ ಚುಕ್ಕಿನ ಪ್ರಾಣ ಉಳಿಸ್ಕೊಳ್ಳೋಕೆ ಇಟ್ಟಿರೋದು ಅಂತ ತಿಳ್ಕೊಂಡ್ರೆ ಹಾಗೇ ಆಗೋದು. ಅದು ಬೇಟೆಗೆ ಇಟ್ಟಿರೋದು. ಚುಕ್ಕಿ ಹತ್ರ ಬಂದ್ರೂ ತಿನ್ನಬೇಡ, ಅದರ ಪಕ್ಕದಲ್ಲೇ ಒಂದು ಸಣ್ಣ ಸುತ್ತು ದಾರಿ ಹಿಡಿದು ಒಂದೆರಡು ಸುತ್ತು ಹಾಕು. ಕೆಂಪು ಹಿಂದೆ ಬೀಳತ್ತೆ, ಕೆಂಪು ಬಂದ್ರೆ ಇಂಕಿನೂ ಸುತ್ತಮುತ್ತ ಬರತ್ತೆ, ಗುಲಾಬಿ ಎದುರಿಂದ ಬರತ್ತೆ, ಮೂರೂ ಎರಡು ಮೂರು ಮನೆ ಅಂತರದಲ್ಲಿ ಇದ್ದಾಗ ತಿನ್ನು. ಕಿತ್ತಳೆ ಮಾತ್ರ ಹತ್ತಿರ ಬಂದ್ರೆ ಓಡೋದ್ರಿಂದ ಗುಂಪಿಗೆ ಸೇರಿಸೋದು ಕಷ್ಟ, ಅದಕ್ಕೆ ಕೆಳಗಿನ ಎಡ ಮೂಲೆ ಹತ್ರ ಇರೋ ದೊಡ್ಡ ಚುಕ್ಕಿ ಒಳ್ಳೇ ಜಾಗ, ಅದು ಓಡೋದೇ ಆ ಕಡೆಗೆ. ಎಲ್ಲಾ ಮೂಲೆಗೆ ಹೋಗೋ ಹೊತ್ತಿನಲ್ಲಿ ತಿಂದ್ರೆ ದಂಡ, ನಾಲ್ಕೂ ನಾಲ್ಕು ದಿಕ್ಕಿನಲ್ಲಿರ್ತವೆ.

ಮೊದಲನೇ ಲೆವೆಲ್‌ನಲ್ಲಿ ನೀಲಿ ಹೊತ್ತು 6 ಸೆಕೆಂಡ್, ಎರಡನೇದರಲ್ಲಿ 5, ಹೀಗೆ ಇಳೀತಾ ಐದನೇದಕ್ಕೆ 2 ಸೆಕೆಂಡಿಗೆ ಬರತ್ತೆ, ಆರನೇದರಲ್ಲಿ ತಿರುಗಿ 5 ಆಗತ್ತೆ. ಇನ್ನೊಂದು ಎಚ್ಚರ, ತಿಂದ ದೆವ್ವದ ಕಣ್ಣು ಮಾತ್ರ ನಡುವಿನ ಗೂಡಿಗೆ, ಅಂದ್ರೆ ದೆವ್ವಗಳ ಮನೆಗೆ, ವಾಪಸ್ ಹೋಗಿ ಮತ್ತೆ ಹೊರಗೆ ಬಂದಾಗ ಅದು ನೀಲಿ ಆಗಿರಲ್ಲ, ಮಿಕ್ಕಿದ್ದು ಇನ್ನೂ ನೀಲಿ ಇದ್ರೂ ಇದು ನಿನ್ನನ್ನ ತಿನ್ನತ್ತೆ. ಎಷ್ಟೋ ಜನ ಸಾಯೋದು ಇಲ್ಲೇ, ಎಲ್ಲಾ ನೀಲಿ ಅನ್ನೋ ಭ್ರಮೆಯಲ್ಲಿ ಗೂಡಿನ ಬಾಗಿಲ ಮುಂದೆ ಹೋಗಿ. ತಮ್ಮನಿಗೆ ಸಾರಿ ಕೇಳ್ಬಿಡು.

ಪ್ರಶ್ನೆ: ನೇರ ದಾರಿಯಲ್ಲಿ ಓಡ್ತಾ ಇದ್ರೂ ಕೆಂಪು ದೆವ್ವ ಹತ್ತಿರ ಆಗ್ತಾ ಬರತ್ತೆ. ನಮ್ಮ ವೇಗ ಜಾಸ್ತಿ ಅಂತಾರಲ್ಲ?

ಉತ್ತರ: ಜಾಸ್ತಿನೇ, ಬಾಯಿ ಖಾಲಿ ಇದ್ರೆ. ಮೊದಲನೇ ಲೆವೆಲ್‌ನಲ್ಲಿ ಆಟದ ಪೂರ್ತಿ ವೇಗ 100 ಅಂತಿಟ್ಕೊಂಡ್ರೆ ಪ್ಯಾಕ್‌ಮ್ಯಾನ್ 80ರಲ್ಲಿ ಓಡ್ತಾನೆ, ದೆವ್ವಗಳು 75ರಲ್ಲಿ. ಆದ್ರೆ ಪ್ರತಿ ಚುಕ್ಕಿ ತಿನ್ನುವಾಗ್ಲೂ ಅವನು ಕಣ್ಣಿಗೆ ಕಾಣದಷ್ಟು ಹೊತ್ತು ತಡೀತಾನೆ, ಚುಕ್ಕಿ ಸಾಲಿನ ಮೇಲೆ ಅವನ ವೇಗ 71ಕ್ಕೆ ಇಳಿಯತ್ತೆ, ಅಂದ್ರೆ ದೆವ್ವಕ್ಕಿಂತ ಕಮ್ಮಿ. ಓಡಬೇಕಾದಾಗ ತಿಂದು ಖಾಲಿ ಮಾಡಿದ ದಾರಿ ಹಿಡೀರಿ, ತಿನ್ನೋ ದಾರಿಗೆ ಹಿಂದೆ ಯಾರೂ ಇಲ್ಲದಾಗ ಹೋಗಿ. ಶುರುವಲ್ಲೇ ನಡುವೆ ಒಂದು ಖಾಲಿ ಸುತ್ತು ದಾರಿ ಮಾಡಿಟ್ಕೊಂಡ್ರೆ ಆಮೇಲೆ ಎಷ್ಟು ಉಪಯೋಗಕ್ಕೆ ಬರತ್ತೆ ಅಂತ ನಿಮಗೇ ಗೊತ್ತಾಗತ್ತೆ.

ತಿರುವುಗಳು ಜಾಸ್ತಿ ಇರೋ ದಾರಿನೂ ನಿಮ್ಮದೇ. ತಿರುವು ಬರೋ ಸ್ವಲ್ಪ ಮುಂಚೆನೇ ಆ ಕೀ ಒತ್ತಿ ಹಿಡಿದ್ರೆ ಪ್ಯಾಕ್‌ಮ್ಯಾನ್ ಮೂಲೆ ಕತ್ತರಿಸ್ಕೊಂಡು ಅಡ್ಡ ಹಾಯ್ತಾನೆ, ದೆವ್ವಕ್ಕೆ ಆ ಸವಲತ್ತಿಲ್ಲ, ಪ್ರತಿ ತಿರುವಲ್ಲೂ ಒಂದಿಷ್ಟು ಅಂತರ ಉಳಿಯತ್ತೆ. ಅದನ್ನ ಬಿಟ್ಟು ತಿರುವಿಗೆ ಬಂದ್ಮೇಲೆ ಕೀ ಒತ್ತೋರು ಪ್ರತಿ ಸಲ ಗೋಡೆಗೆ ಮುಟ್ಟಿ ತಡವರಿಸ್ತಾರೆ. ಸುರಂಗವಂತೂ ವರ, ಅದರೊಳಗೆ ದೆವ್ವದ ವೇಗ 75ರಿಂದ 40ಕ್ಕೆ ಬೀಳತ್ತೆ, ನಿಮ್ಮದು ಹಾಗೇ ಇರತ್ತೆ.

ಗೊತ್ತಿರೋರು ಕಮ್ಮಿ ಇರೋ ಇನ್ನೊಂದು ಗುಟ್ಟು: ದೆವ್ವಗಳ ಗೂಡಿನ ಮೇಲ್ಗಡೆ ದಾರಿಯಲ್ಲಿ ಎರಡು ಕವಲು, ನೀವು ಆಟ ಶುರು ಮಾಡೋ ಸಾಲಿನಲ್ಲಿ ಎಡಕ್ಕೊಂದು ಬಲಕ್ಕೊಂದು ಕವಲು, ಈ ನಾಲ್ಕು ಕಡೆ ದೆವ್ವಗಳಿಗೆ ಮೇಲಕ್ಕೆ ತಿರುಗೋಕೆ ಅನುಮತಿ ಇಲ್ಲ, ನೀಲಿ ಆಗಿದ್ದಾಗ ಬಿಟ್ಟು. ಬೆನ್ನ ಹಿಂದೆ ಕೆಂಪು ಬಂದಾಗ ಅಲ್ಲಿ ಮೇಲಕ್ಕೆ ತಿರುಗಿದ್ರೆ ಅದು ಮುಂದಕ್ಕೆ ಹೋಗಿ ಸುತ್ತಿಕೊಂಡು ಬರ್ಬೇಕು.

ಪ್ರಶ್ನೆ: ಚೆರ್ರಿ ಬಂದಾಗೆಲ್ಲ ಓಡಿ ಹೋಗಿ ಸಾಯ್ತೀನಿ. ಬಿಡೋಕೂ ಮನಸ್ಸಾಗಲ್ಲ.

ಉತ್ತರ: ಚೆರ್ರಿಗೆ 100 ಪಾಯಿಂಟ್, ಹತ್ತು ಚುಕ್ಕಿಯ ಬೆಲೆ. ಅದಕ್ಕೆ ಲೈಫ್ ಕೊಡೋದು ಯಾಕೆ ಹೇಳಿ. ಹಣ್ಣು ಒಂದು ಲೆವೆಲ್‌ನಲ್ಲಿ ಎರಡು ಸಲ ಬರತ್ತೆ, 70 ಚುಕ್ಕಿ ತಿಂದಾಗ ಒಂದ್ಸಲ, 170 ತಿಂದಾಗ ಇನ್ನೊಂದ್ಸಲ, ಗೂಡಿನ ಕೆಳಗೇ, ಒಂಬತ್ತು ಹತ್ತು ಸೆಕೆಂಡ್ ಇದ್ದು ಹೋಗತ್ತೆ. ಎರಡನೇ ಲೆವೆಲ್‌ನ ಸ್ಟ್ರಾಬೆರಿಗೆ 300, ಆಮೇಲೆ ಏರ್ತಾ ಹೋಗಿ 13ನೇ ಲೆವೆಲ್‌ನಿಂದ ಬರೋ ಕೀಲಿಕೈಗೆ 5,000. ಆಗ ಹೋಗಿ, ಈಗ ಬೇಡ. ಹೋಗ್ಲೇಬೇಕು ಅಂದ್ರೆ 70 ಆಗೋ ಹೊತ್ತಿಗೆ ಆ ಆಸುಪಾಸಲ್ಲೇ ಚುಕ್ಕಿ ತಿಂತಾ ಇರೋ ಹಾಗೆ ದಾರಿ ಪ್ಲಾನ್ ಮಾಡಿ, ದೂರದ ಮೂಲೆಯಿಂದ ಓಡಿ ಬರೋದಲ್ಲ.

ಪ್ರಶ್ನೆ: ಫೋನಿನ ಬ್ರೌಸರ್‌ನಲ್ಲಿ ಆಡೋದು ಅಂದ್ರೆ ನರಕ. ಎಡಕ್ಕೆ ಸ್ವೈಪ್ ಮಾಡಿದ್ರೆ ಹಿಂದಿನ ಪೇಜಿಗೆ ಹೋಗತ್ತೆ, ಕೆಳಕ್ಕೆ ಮಾಡಿದ್ರೆ ಪೇಜ್ ರಿಫ್ರೆಶ್ ಆಗತ್ತೆ.

ಉತ್ತರ: ಸ್ಕ್ರೀನಿನ ಅಂಚಿಂದ ಬೆರಳು ಎಳೀಬೇಡಿ, ನಡುವಲ್ಲೇ ಸಣ್ಣದಾಗಿ ಆಡಿಸಿ. ಹೋಮ್ ಸ್ಕ್ರೀನ್‌ಗೆ ಸೇರಿಸ್ಕೊಳ್ಳೋ ಸೌಲಭ್ಯ ಇದ್ರೆ ಹಾಗೆ ತೆರೀರಿ, ಎಷ್ಟೋ ಆಟ ಆಗ ಬ್ರೌಸರ್ ಪಟ್ಟಿ ಇಲ್ಲದೆ ಪೂರ್ತಿ ಸ್ಕ್ರೀನಲ್ಲಿ ಬರತ್ತೆ. ಆದ್ರೂ ನಿಜ ಹೇಳ್ಬೇಕಂದ್ರೆ ಕೀಬೋರ್ಡ್ ಇದ್ದೋರು ಫೋನಲ್ಲಿ ಆಡ್ಬೇಡಿ, ಮೂಲೆ ಕತ್ತರಿಸೋದು ಬೆರಳಲ್ಲಿ ಸರಿಯಾಗಿ ಬರೋದೇ ಇಲ್ಲ.

ಪ್ರಶ್ನೆ: ನಮ್ಮ ಯಜಮಾನ್ರು ಮನೆಯಿಂದಲೇ ಕೆಲಸ ಮಾಡೋರು, ನಾನು ರೂಮಿಗೆ ಹೋದ ತಕ್ಷಣ ಟ್ಯಾಬ್ ಬದಲಾಯಿಸ್ತಾರೆ. ಅಷ್ಟು ಹೊತ್ತಲ್ಲಿ ಆಟದಲ್ಲಿ ಸಾಯಲ್ವಾ?

ಉತ್ತರ: ಸಾಯಲ್ಲ ತಾಯಿ, ಟ್ಯಾಬ್ ಮರೆಯಾದ್ರೆ ಬ್ರೌಸರ್ ಅದರ ಚಿತ್ರ ಬದಲಾಯಿಸೋದು ನಿಲ್ಲಿಸತ್ತೆ, ಬಹಳ ಆಟಗಳು ತಾವಾಗೇ ನಿಂತಿರ್ತವೆ. ಸದ್ದು ಬರತ್ತಾ ಅಂತ ಕಿವಿ ಕೊಡಿ.

ಪ್ರಶ್ನೆ: ಹಿಂದೆ ದೊಡ್ಡ ದೊಡ್ಡ ಆಟಗಾರರು ದಾರಿಗಳನ್ನ ಬಾಯಿಪಾಠ ಮಾಡ್ಕೊಂಡು ಆಡ್ತಿದ್ರಂತೆ. ನಾವೂ ಹಾಗೆ ಮಾಡಿದ್ರೆ ಸಾಕಲ್ವಾ, ದೆವ್ವದ ಸ್ವಭಾವ ಎಲ್ಲಾ ಯಾಕೆ ಬೇಕು? ಮತ್ತೆ ಈ ಆಟಕ್ಕೆ ಕೊನೆ ಅಂತ ಇದ್ಯಾ?

ಉತ್ತರ: ಮೂಲ ಆಟದಲ್ಲಿ ಬಾಯಿಪಾಠ ಕೆಲಸ ಮಾಡತ್ತೆ, ಯಾಕಂದ್ರೆ ಅದರಲ್ಲಿ ನಿಜವಾದ ಅದೃಷ್ಟ ಅನ್ನೋದೇ ಇಲ್ಲ. ನೀಲಿ ಆದಾಗ ದೆವ್ವಗಳು ಸಿಕ್ಕಸಿಕ್ಕ ಕಡೆ ತಿರುಗಿದಂಗೆ ಕಾಣತ್ತೆ, ಆದ್ರೆ ಆ ತಿರುಗಾಟದ ಲೆಕ್ಕನೂ ಪ್ರತಿ ಲೆವೆಲ್ ಶುರುವಿನಲ್ಲಿ ಅದೇ ಜಾಗದಿಂದ ಶುರುವಾಗತ್ತೆ. ನೀವು ಅದೇ ಕೀ ಅದೇ ಹೊತ್ತಿಗೆ ಒತ್ತಿದ್ರೆ ಅವೂ ಅದೇ ದಾರಿ ಹಿಡೀತವೆ. 21ನೇ ಲೆವೆಲ್‌ನಿಂದ ಮುಂದಕ್ಕೆ ಎಲ್ಲಾ ಲೆವೆಲ್‌ಗೂ ನಿಯಮ ಒಂದೇ, ಹಾಗಾಗಿ ಅಲ್ಲಿ ಒಂದೇ ದಾರಿ ಕಲಿತ್ರೆ ಸಾಕು. ಕಲೀಲೇಬೇಕು ಕೂಡ, 19ನೇ ಲೆವೆಲ್‌ನಿಂದ ಆಚೆ ದೊಡ್ಡ ಚುಕ್ಕಿ ತಿಂದ್ರೂ ದೆವ್ವ ನೀಲಿ ಆಗಲ್ಲ, ಬರೀ ಹಿಂದೆ ತಿರುಗತ್ತೆ, 21ರಿಂದ ಪ್ಯಾಕ್‌ಮ್ಯಾನ್ ವೇಗನೂ ಇಳಿದು ದೆವ್ವಗಳೇ ಮುಂದಾಗ್ತವೆ.

ಆದ್ರೆ ಬ್ರೌಸರ್ ಕಾಪಿಗಳಲ್ಲಿ ನೀಲಿ ದೆವ್ವ ಎಲ್ಲಿ ತಿರುಗ್ಬೇಕು ಅನ್ನೋದಕ್ಕೆ ಪ್ರತಿ ಸಲ ಹೊಸದಾಗಿ ಚೀಟಿ ಎತ್ತೋ ಹಾಗೆ ಬರೆದಿರೋದು ಮಾಮೂಲು, ಅಲ್ಲಿ ಬಾಯಿಪಾಠ ಮೊದಲನೇ ದೊಡ್ಡ ಚುಕ್ಕಿವರೆಗೂ ಸರಿ ಇದ್ದು ಆಮೇಲೆ ಕೈ ಕೊಡತ್ತೆ. ಅರ್ಧ ಸೆಕೆಂಡ್ ತಡವರಿಸಿದ್ರೂ ಪಾಠ ಎಲ್ಲಾ ತಲೆಕೆಳಗು, ಆಗ ಸ್ವಭಾವ ಗೊತ್ತಿಲ್ಲದೋರು ಕಣ್ ಕಣ್ ಬಿಡ್ತಾರೆ. ನನ್ನ ಮಟ್ಟಿಗೆ ಬಾಯಿಪಾಠದ ಆಟ ಸಪ್ಪೆ, ಇಷ್ಟ ಇದ್ದೋರು ಮಾಡ್ಲಿ.

ಕೊನೆ ಇದೆ, ಯಾರೂ ಬೇಕಂತ ಇಟ್ಟ ಕೊನೆ ಅಲ್ಲ ಅದು. ಲೆವೆಲ್ ಎಣಿಸೋ ಜಾಗ ಎಂಟು ಬಿಟ್‌ದು, 255 ದಾಟಿದ್ರೆ ಅದಕ್ಕೆ ಹಿಡಿಯಲ್ಲ. 256ನೇ ಲೆವೆಲ್‌ಗೆ ಬಂದಾಗ ಕೆಳಗೆ ಹಣ್ಣುಗಳ ಸಾಲು ಬರೆಯೋ ಭಾಗ ಎಣಿಕೆ ತಪ್ಪಿ ಬೇಡದ್ದೆಲ್ಲ ಬರೀತಾ ಹೋಗಿ ಸ್ಕ್ರೀನಿನ ಬಲ ಅರ್ಧ ಪೂರ್ತಿ ಕಲಸುಮೇಲೋಗರ ಆಗತ್ತೆ, ಲೆವೆಲ್ ಮುಗಿಸೋಕೆ ಬೇಕಾದಷ್ಟು ಚುಕ್ಕಿನೇ ಅಲ್ಲಿ ಉಳಿಯಲ್ಲ. ಅಲ್ಲೀವರೆಗೂ ಒಂದು ಲೈಫೂ ಕಳ್ಕೊಳ್ದೆ, ಒಂದು ಹಣ್ಣೂ ನೀಲಿ ದೆವ್ವನೂ ಬಿಡದೆ ಆಡಿದ್ರೆ ಸಿಗೋ ಅತಿ ಹೆಚ್ಚು ಸ್ಕೋರ್ 33,33,360. ಅದನ್ನ ಮುಟ್ಟಿದೋರೂ ಇದಾರೆ, ಅವರ ಬಗ್ಗೆ ಕೇಳ್ಬೇಡಿ, ನನಗೆ ಹೊಟ್ಟೆಕಿಚ್ಚು.

ಪ್ರಶ್ನೆ: ದಿನಕ್ಕೆ ಅರ್ಧ ಗಂಟೆ ಸಿಗತ್ತೆ. ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಒಂದು ವಾರ ಸ್ಕೋರ್ ಮರೆತು ಕೆಂಪೊಂದನ್ನೇ ನೋಡ್ತಾ ಆಡಿ, ಮಿಕ್ಕಿದ್ದು ಹಿಡಿದು ತಿಂದ್ರೂ ತಿನ್ಲಿ. ಕೆಂಪು ಎಲ್ಲಿದೆ ಅಂತ ನೋಡ್ದೆನೇ ಗೊತ್ತಾಗೋಕೆ ಶುರುವಾದ್ಮೇಲೆ ಗುಲಾಬಿನ ಸೇರಿಸ್ಕೊಳ್ಳಿ, ಅದರ ಎದುರಿಗೆ ಬೇಕಂತಲೇ ನುಗ್ಗಿ ತಿರುಗಿಸೋದು ಅಭ್ಯಾಸ ಮಾಡಿ. ಇವೆರಡು ಕೈಗೆ ಬಂದ್ರೆ ಆಕಾಶನೀಲಿ ಕಿತ್ತಳೆ ಅಷ್ಟು ಕಾಡಲ್ಲ, ಮೊದಲನೇ ಲೆವೆಲ್‌ನಲ್ಲಿ ಅವು ಗೂಡಿಂದ ಹೊರಗೆ ಬರೋದೇ ತಡವಾಗಿ, ಆಕಾಶನೀಲಿ ಬರೋದು ನೀವು 30 ಚುಕ್ಕಿ ತಿಂದ್ಮೇಲೆ, ಕಿತ್ತಳೆ ಬರೋ ಹೊತ್ತಿಗೆ ಮೂರನೇ ಒಂದು ಪಾಲು ಚುಕ್ಕಿ ಖಾಲಿ.

ಆಮೇಲೆ ಕೊನೇ ಚುಕ್ಕಿಗಳ ಬಗ್ಗೆ ಯೋಚ್ನೆ ಮಾಡಿ. ಮೊದಲನೇ ಲೆವೆಲ್‌ನಲ್ಲಿ 20 ಚುಕ್ಕಿ ಉಳಿದಾಗ ಕೆಂಪಿನ ವೇಗ ನಿಮ್ಮಷ್ಟೇ ಆಗತ್ತೆ, 10 ಉಳಿದಾಗ ನಿಮಗಿಂತ ಜಾಸ್ತಿ, ಮೂಲೆಗೆ ಹೋಗೋ ಹೊತ್ತಲ್ಲೂ ಅದು ನಿಮ್ಮನ್ನ ಬಿಡಲ್ಲ. ನಾಲ್ಕು ಮೂಲೆಯಲ್ಲಿ ಎರಡೆರಡು ಚುಕ್ಕಿ ಬಿಟ್ಟು ಬಂದಿದ್ರೆ ಆಗ ಗೋಳು. ಮೂಲೆಗಳನ್ನ ಮೊದಲೇ ಪೂರ್ತಿ ಗುಡಿಸಿ, ಕೊನೇ 20 ಚುಕ್ಕಿ ಒಂದೇ ಕಡೆ, ತಿರುವು ಜಾಸ್ತಿ ಇರೋ ದಾರಿಯಲ್ಲಿ, ಸುರಂಗಕ್ಕೆ ಹತ್ತಿರ ಉಳಿಯೋ ಹಾಗೆ ನೋಡ್ಕೊಳ್ಳಿ.